ಶಾಸನಗಳು ಮರೆಯದ ಶ್ರಾವಿಕೆಯರು

ಜಿನಧರ್ಮದ ಚತುರ್ವಿಧ ಸಂಘದಲ್ಲಿ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಅಂಗಗಳುಂಟು. ಈ ನಾಲ್ಕರಲ್ಲಿ ಎರಡು ಸ್ತ್ರೀಯರಿಗೆ ಸೇರಿದವು. ಸಂಘವೆಂಬ ಮಂಟಪವು ನಿಂತಿರುವುದು ನಾಲ್ಕು ಕಂಬಗಳ ಮೇಲೆ. ಅವುಗಳಲ್ಲಿ ಎರಡನ್ನು ಲೆಕ್ಕಕ್ಕೆ ಹಿಡಿಯದೆ ಮಂಟಪವನ್ನು ವರ್ಣಿಸಹೊರಟರೆ ಆ ವರ್ಣನೆಯು ಅಪೂರ್ಣವೆನಿಸುವುದು ಸಹಜ. ಆದರೂ ಕರ್ನಾಟಕದ ಜೈನ ಇತಿಹಾಸವನ್ನು ಹೇಳುವಾಗ ಬಹುಮಟ್ಟಿಗೆ ಆಗುತ್ತ ಬಂದಿರುವುದು ಇದೇ.

ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು ಶ್ರವಣಬೆಳ್ಗೊಳದಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಇಂದು ಭಂಡಾರ ಬಸದಿಯೆಂದು ಹೆಸರಾಗಿರುವುದು ಅದೇ. ಅಲ್ಲಿಯ 1159ರ ಶಾಸನವು ಜಿನಶಾಸನವನ್ನು ಸ್ಥಿರವಾಗಿ ಉದ್ಧರಿಸಿದವರು ಯಾರೆಂಬ ಪ್ರಶ್ನೆಯನ್ನು ತಾನೇ ಎತ್ತಿ, ತಾನೇ ಉತ್ತರವನ್ನು ಕೊಡುತ್ತದೆ. ಮೊದಲನೆಯವನು ಗಂಗ ರಾಚಮಲ್ಲನ ಮಂತ್ರಿ ಚಾವುಂಡರಾಯ, ಎರಡನೆಯವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಮೂರನೆಯವನು ಹುಳ್ಳನೇ. ಈ ಮೂರು ಹೆಸರುಗಳು ಪಾಠಪುಸ್ತಕಗಳಿಗೂ ಸಭೆಯ ಭಾಷಣಗಳಿಗೂ ಸೇರಿ ಜನರ ಬಾಯಲ್ಲಿ ನೆಲೆಸಿವೆ. ಮೂವರೂ ಆ ಕೀರ್ತಿಗೆ ಅರ್ಹರು. ಆದರೆ ಈ ಮಹಾಪುರುಷರ ಮನೆಗಳೊಳಗೆ ಇದ್ದವರು ಯಾರು? ಅವರಿಗೆ ಜಿನಭಕ್ತಿಯನ್ನು ಮೊದಲು ಕಲಿಸಿದವರು ಯಾರು? ಅವರು ಕಟ್ಟಿಸಿದರೆನ್ನುವ ಬಸದಿಗಳಲ್ಲಿ ಎಷ್ಟು ಬಸದಿಗಳು ಅವರವು, ಎಷ್ಟು ಅವರ ತಾಯಂದಿರವು, ಎಷ್ಟು ಪತ್ನಿಯರವು? ಈ ಪ್ರಶ್ನೆಗಳಿಗೆ ಉತ್ತರವು ದೊರೆಯದೆ ಇಲ್ಲ. ಜನರು ಮರೆತಿರುವುದನ್ನು ಕಲ್ಲು ಮರೆತಿಲ್ಲ.

ಚಾವುಂಡರಾಯನ ತಾಯಿ

ವಿಂಧ್ಯಗಿರಿಯ ಗೊಮ್ಮಟಮೂರ್ತಿಯ ಪಾದಗಳ ಬಳಿಯಲ್ಲಿರುವ ಚಿಕ್ಕ ಶಾಸನಗಳು ಎರಡು ಹೆಸರುಗಳನ್ನು ಹೇಳುತ್ತವೆ. ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯ. ಸುತ್ತಾಲಯವನ್ನು ಮಾಡಿಸಿದವನು ಗಂಗರಾಜ. ಕಲ್ಲಿನ ಮಾತು ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಮೂರ್ತಿಯು ಏಕೆ ಆಯಿತು ಎಂಬುದನ್ನು ಹೇಳುವ ಪರಂಪರೆಯು ಬೇರೆಯೊಂದು ಹೆಸರಿನಿಂದ ಆರಂಭವಾಗುತ್ತದೆ. ಅದು ಕಾಳಲಾದೇವಿಯದು, ಚಾವುಂಡರಾಯನ ತಾಯಿಯದು.

ಭರತ ಚಕ್ರವರ್ತಿಯು ಪೌದನಪುರದಲ್ಲಿ ಮಾಡಿಸಿದ್ದನೆನ್ನುವ ಬಾಹುಬಲಿಯ ಬಿಂಬದ ವರ್ಣನೆಯನ್ನು ಕೇಳಿದ ಆ ತಾಯಿಯು ಅದರ ದರ್ಶನವಾಗುವವರೆಗೂ ಹಾಲನ್ನು ಮುಟ್ಟುವುದಿಲ್ಲವೆಂದು ನಿಯಮವನ್ನು ಹಿಡಿದಳಂತೆ. ತಾಯಿಯ ನಿಯಮವನ್ನು ಸಲ್ಲಿಸುವುದಕ್ಕಾಗಿ ಮಗನು ಆಕೆಯನ್ನೂ ಗುರುಗಳಾದ ನೇಮಿಚಂದ್ರರನ್ನೂ ಕರೆದುಕೊಂಡು ಪರಿವಾರಸಮೇತನಾಗಿ ಹೊರಟನು. ದಾರಿಯಲ್ಲಿ ಬೆಳ್ಗೊಳದ ಚಿಕ್ಕಬೆಟ್ಟದಲ್ಲಿ ತಂಗಿದ್ದಾಗ, ಪೌದನಪುರದ ದಾರಿ ದುರ್ಗಮವೆಂದೂ ಎದುರಿನ ಬೆಟ್ಟದಲ್ಲಿಯೇ ಸ್ವಾಮಿಯ ದರ್ಶನವಾಗುವುದೆಂದೂ ಸ್ವಪ್ನವಾಯಿತು. ಬಿಟ್ಟ ಬಾಣವು ದೊಡ್ಡಬೆಟ್ಟದ ಬಂಡೆಯನ್ನು ತಾಗಿದಲ್ಲಿ ಮೂರ್ತಿಯು ಪ್ರಕಟವಾಯಿತು. ಹೀಗೆಂದು ಮುಂದಿನ ಶತಮಾನಗಳ ಕಾವ್ಯಗಳೂ ಸ್ಥಳಪರಂಪರೆಯೂ ಹೇಳುತ್ತವೆ.

ಬಾಣದ ಪ್ರಸಂಗವು ಭಕ್ತಿಯ ಭಾಷೆಗೆ ಸೇರಿದ್ದು. ಅದನ್ನು ಇತಿಹಾಸದ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಆದರೆ ಆ ಕಥೆಯ ಒಳಗಿರುವ ಒಂದು ಅಂಶವು ಗಮನಾರ್ಹವಾಗಿದೆ. ಸಮರಗಳಲ್ಲಿ ಗೆದ್ದು ಬಿರುದುಗಳನ್ನು ಪಡೆದ, ಚಾವುಂಡರಾಯ ಪುರಾಣವನ್ನು 978ರಲ್ಲಿ ರಚಿಸಿದ, ರಾಜ್ಯದ ಭಾರವನ್ನು ಹೊತ್ತ ಮಂತ್ರಿಯು ಇಂತಹ ಅದ್ಭುತಕಾರ್ಯವನ್ನು ಏಕೆ ಕೈಗೊಂಡನೆಂದು ಜನರು ತಮ್ಮನ್ನೇ ಕೇಳಿಕೊಂಡಾಗ, ಅವರಿಗೆ ಹೊಳೆದ ಉತ್ತರವು ರಾಜನ ಅಪ್ಪಣೆಯಲ್ಲ, ಕೀರ್ತಿಯ ಆಸೆಯೂ ಅಲ್ಲ. ಹಾಲನ್ನು ಬಿಟ್ಟ ಒಬ್ಬ ತಾಯಿಯ ಮುಖವೇ ಅವರಿಗೆ ಕಂಡಿತು. ಶ್ರಾವಕರ ಮನೆಗಳಲ್ಲಿ ವ್ರತನಿಯಮಗಳನ್ನು ಹಿಡಿದು ಮನೆಯನ್ನೇ ಧರ್ಮದ ದಾರಿಗೆ ತರುವವರು ತಾಯಂದಿರೆಂಬ ಅನುಭವವು ಆ ಜನರಿಗೆ ಇಲ್ಲದಿದ್ದರೆ ಈ ಕಥೆಯು ಹುಟ್ಟುತ್ತಿರಲಿಲ್ಲ.

ಗುಳ್ಳಕಾಯಜ್ಜಿಯ ಕಥೆಯನ್ನೂ ಇಲ್ಲಿಯೇ ಸ್ಮರಿಸಬೇಕು. ಚಾವುಂಡರಾಯನು ಮಾಡಿಸಿದ ಮೊದಲ ಅಭಿಷೇಕದಲ್ಲಿ ಕೊಡಗಟ್ಟಲೆ ಹಾಲನ್ನು ಸುರಿದರೂ ಅದು ಸ್ವಾಮಿಯ ತೊಡೆಯಿಂದ ಕೆಳಗಿಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಪಾದಗಳನ್ನು ತೋಯಿಸಿ ಬೆಟ್ಟದ ಮೇಲೆ ಹರಿಯಿತು. ಆಕೆಯ ಪ್ರತಿಮೆಯು ಗೊಮ್ಮಟನಿಗೆ ಎದುರಾಗಿ ಆವರಣದ ಬಾಗಿಲ ಹೊರಗೆ ಇಂದಿಗೂ ನಿಂತಿದೆ. ಆ ಅಜ್ಜಿಗೆ ಊರಿಲ್ಲ, ಕುಲವಿಲ್ಲ, ಸ್ವಂತ ಹೆಸರೂ ಇಲ್ಲ. ಕೈಯಲ್ಲಿದ್ದ ಕಾಯಿಯೇ ಆಕೆಗೆ ಹೆಸರಾಯಿತು. ಶಾಸನವನ್ನು ಬರೆಯಿಸುವ ಶಕ್ತಿಯಿಲ್ಲದ ಸಾವಿರಾರು ಶ್ರಾವಿಕೆಯರ ಪರವಾಗಿ ಆಕೆ ಅಲ್ಲಿ ನಿಂತಿದ್ದಾಳೆಂದು ತಿಳಿಯುವುದು ಯುಕ್ತ.

ಕವಿಗಳಿಗೆ ತಾಯಿಯಾದವಳು

ಕಾಳಲಾದೇವಿಯ ವಿಷಯದಲ್ಲಿ ಪರಂಪರೆಯೇ ಮುಖ್ಯ ಆಧಾರವಾದರೆ, ಅದೇ ಕಾಲದಲ್ಲಿ ಚಾಲುಕ್ಯರ ನಾಡಿನಲ್ಲಿ ಬಾಳಿದ ಅತ್ತಿಮಬ್ಬೆಯ ವಿಷಯದಲ್ಲಿ ಕಾವ್ಯವೂ ಶಾಸನವೂ ಒಂದಕ್ಕೊಂದು ಒತ್ತಾಸೆಯಾಗಿ ನಿಲ್ಲುತ್ತವೆ. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ ಸಹೋದರರಾದ ಮಲ್ಲಪ ಮತ್ತು ಪುನ್ನಮಯ್ಯರಲ್ಲಿ ಮಲ್ಲಪನು ಈಕೆಯ ತಂದೆ. ಚಾಲುಕ್ಯ ದಂಡನಾಯಕ ನಾಗದೇವನು ಈಕೆಯ ಪತಿ. ಈಕೆಯ ತಂಗಿ ಗುಂಡಮಬ್ಬೆಯೂ ಅದೇ ನಾಗದೇವನನ್ನು ವರಿಸಿದ್ದಳು. ನಾಗದೇವನು ಅಕಾಲದಲ್ಲಿ ಮಡಿದಾಗ ತಂಗಿಯು ಸಹಗಮನ ಮಾಡಿದಳು. ಅಕ್ಕನು ಉಳಿದಳು. ಉಳಿದು, ಮಗನಾದ ಅಣ್ಣಿಗನನ್ನು ಬೆಳೆಸಿದಳು. ವ್ರತಗಳಿಂದ ದೇಹವನ್ನು ದಂಡಿಸಿದಳು. ಸಂಪತ್ತನ್ನು ಧರ್ಮಕ್ಕೆ ಹರಿಯಗೊಟ್ಟಳು. ಆ ಮಗನೇ ಮುಂದೆ ಪಡುವಳ ತೈಲನೆಂದು ಪ್ರಸಿದ್ಧನಾಗಿ ಮಾಸವಾಡಿ ನಾಡನ್ನು ಆಳಿದನು.

ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಅತ್ತಿಮಬ್ಬೆಯ ಕೀರ್ತಿಗೆ ಕಳಶಪ್ರಾಯವಾದ ಸಂಗತಿ. ಅಚ್ಚಿನ ಯಂತ್ರವು ಬಂದ ಮೇಲೆ ಸಾವಿರ ಪ್ರತಿಯೆಂಬುದು ಸಾಮಾನ್ಯ ಮಾತಾಯಿತು. ಹತ್ತನೆಯ ಶತಮಾನದಲ್ಲಿ ಅದರ ಅರ್ಥವೇ ಬೇರೆ. ತಾಳೆಯ ಗರಿಗಳನ್ನು ತರಿಸಿ, ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ಲಿಪಿಕಾರರನ್ನು ಕೂಡಿಸಿ, ಕಂಠದಿಂದ ಒಂದೊಂದು ಅಕ್ಷರವನ್ನೂ ಕೊರೆಯಿಸಿ, ಮಸಿಯನ್ನು ತೊಡೆದು, ಮೂಲದೊಡನೆ ತಾಳೆನೋಡಿ, ದಾರದಿಂದ ಕಟ್ಟಬೇಕು. ಒಂದು ಚಂಪೂಕಾವ್ಯದ ಒಂದು ಪ್ರತಿಗೆ ತಗಲುವ ಶ್ರಮವನ್ನು ಸಾವಿರದಿಂದ ಗುಣಿಸಿದರೆ ಆ ಕಾರ್ಯದ ಗಾತ್ರವು ತಿಳಿದೀತು. ಇದರೊಡನೆ ಚಿನ್ನದಿಂದಲೂ ರತ್ನಗಳಿಂದಲೂ 1500 ಜಿನಪ್ರತಿಮೆಗಳನ್ನು ಮಾಡಿಸಿ ದಾನಮಾಡಿದಳೆಂದು ಪ್ರಸಿದ್ಧಿಯಿದೆ. ಲಕ್ಕುಂಡಿಯ ಬ್ರಹ್ಮಜಿನಾಲಯವು ಈಕೆಯು ಕಟ್ಟಿಸಿದ್ದು. ಅಲ್ಲಿಯ 1007ರ ಶಾಸನವು ದಾನಚಿಂತಾಮಣಿಯ ಗುಣಗಳನ್ನು ವಿಸ್ತಾರವಾಗಿ ಕೊಂಡಾಡುತ್ತದೆ.

ಕವಿಚಕ್ರವರ್ತಿ ರನ್ನನು ಅಜಿತಪುರಾಣವನ್ನು 993ರಲ್ಲಿ ಬರೆದದ್ದು ಈಕೆಯ ಆಶ್ರಯದಲ್ಲಿ. ಮುದುವೊಳಲಿನ ಬಳೆಗಾರ ಕುಲದಲ್ಲಿ ಹುಟ್ಟಿ ವಿದ್ಯೆಯನ್ನು ಅರಸಿ ಹೊರಟ ಆ ಕವಿಗೆ ಬಾಳಿನಲ್ಲಿ ನೆರವಾದವರು ಅನೇಕರು. ಅವರಲ್ಲಿ ಇಬ್ಬರ ಋಣವನ್ನು ಅವನು ವಿಶೇಷ ರೀತಿಯಲ್ಲಿ ತೀರಿಸಿದನು: ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಚಾವುಂಡರಾಯನನ್ನೂ ಅತ್ತಿಮಬ್ಬೆಯನ್ನೂ ಕವಿಯು ಒಂದೇ ಮಣೆಯಲ್ಲಿ ಕೂರಿಸಿದನೆಂಬುದು ಇದರಿಂದ ಸ್ಪಷ್ಟ.

ಅತ್ತಿಮಬ್ಬೆಗಾಗಿ ಪ್ರವಾಹದಲ್ಲಿದ್ದ ಗೋದಾವರಿಯು ನಿಂತಿತು, ಬೆಳ್ಗೊಳದ ಬೆಟ್ಟವನ್ನೇರಿ ದಣಿದಾಗ ಅಕಾಲದಲ್ಲಿ ಮಳೆ ಸುರಿಯಿತು ಎಂಬ ಪವಾಡಗಳು ಪ್ರಸಿದ್ಧವಾದವು. ಇವುಗಳಲ್ಲಿ ಗೋದಾವರಿಯ ಪ್ರಸಂಗಕ್ಕೆ ಇತಿಹಾಸದಲ್ಲಿ ಒಂದು ವಿಶೇಷ ಸ್ಥಾನವಿದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಹೊಯ್ಸಳ ದಂಡನಾಯಕ ಗಂಗರಾಜನನ್ನು ಹೊಗಳುವ ಬೆಳ್ಗೊಳದ ಶಾಸನವು, ಜಿನಭಕ್ತೆಯಾದ ಅತ್ತಿಯಬ್ಬರಸಿಗಾಗಿ ಗೋದಾವರಿಯು ನಿಂತಂತೆ ಗಂಗರಾಜನಿಗಾಗಿ ಕಾವೇರಿಯು ಸುತ್ತ ಉಕ್ಕಿದರೂ ಅವನನ್ನು ಮುಟ್ಟಲಿಲ್ಲವೆನ್ನುತ್ತದೆ. ತಲಕಾಡನ್ನು ಗೆದ್ದ ಮಹಾಪ್ರಚಂಡ ದಂಡನಾಯಕನ ಭಕ್ತಿಯು ಎಷ್ಟು ದೊಡ್ಡದೆಂದು ಹೇಳಬೇಕಾದಾಗ ಶಾಸನಕವಿಗೆ ಅಳತೆಗೋಲಾಗಿ ಒದಗಿದವಳು ಒಬ್ಬ ಶ್ರಾವಿಕೆ. ಆಗಿನವರಿಗೆ ಆಕೆಯ ಹೆಸರು ಅಷ್ಟು ಪರಿಚಿತವಾಗಿತ್ತು.

ಗಂಗರಾಜನ ಮನೆ

ಗಂಗರಾಜನು ವಿಷ್ಣುವರ್ಧನನ ರಾಜ್ಯದ ಆಧಾರಸ್ತಂಭ. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಬಿಡಿಸಿಕೊಂಡವನು, ಚಾಲುಕ್ಯರ ಸೈನ್ಯವನ್ನು ಕಣ್ಣೇಗಾಲದಲ್ಲಿ ರಾತ್ರಿಯ ದಾಳಿಯಿಂದ ಚದುರಿಸಿದವನು, ಗಂಗವಾಡಿಯ ಜೀರ್ಣಬಸದಿಗಳನ್ನೆಲ್ಲ ಉದ್ಧರಿಸಿ ಆ ನಾಡನ್ನು ಕೊಪಣದಂತೆ ಬೆಳಗಿಸಿದವನು. ಇಷ್ಟು ಸಂಗತಿಗಳು ಬಹಳ ಜನರಿಗೆ ತಿಳಿದಿವೆ. ಆದರೆ ಅವನ ಮನೆಯ ಮೂವರು ಸ್ತ್ರೀಯರು ಬೆಳ್ಗೊಳದ ನೆಲದ ಮೇಲೆ ಮೂಡಿಸಿದ ಗುರುತುಗಳನ್ನು ಕಣ್ಣಾರೆ ಕಂಡರೂ ಅವು ಯಾರವೆಂದು ತಿಳಿದವರು ಕಡಿಮೆ.

ಮೊದಲನೆಯವಳು ತಾಯಿ ಪೋಚಿಕಬ್ಬೆ. ಪೋಚಲದೇವಿ, ಪೋಚವ್ವೆ ಎಂದೂ ಈಕೆಯನ್ನು ಕರೆದಿದ್ದಾರೆ. ಕೌಂಡಿನ್ಯ ಗೋತ್ರದ ಏಚಿರಾಜನ ಪತ್ನಿ. ಬೆಳ್ಗೊಳದಲ್ಲಿಯೂ ಇತರ ತೀರ್ಥಗಳಲ್ಲಿಯೂ ಅನೇಕ ಜಿನಾಲಯಗಳನ್ನು ಮಾಡಿಸಿದಳೆಂದು ಈಕೆಯ ನಿಸಿಧಿಶಾಸನವು ಹೇಳುತ್ತದೆ. ಅಂದರೆ ಬಸದಿಗಳನ್ನು ಕಟ್ಟಿಸುವ ಹವ್ಯಾಸವು ಆ ಮನೆಗೆ ಮಗನಿಂದ ಬಂದುದಲ್ಲ. ತಾಯಿಯಿಂದ ಮಗನಿಗೆ ಇಳಿದುಬಂದುದು. 1120ರಲ್ಲಿ ಈಕೆಯು ಸಲ್ಲೇಖನವನ್ನು ಕೈಗೊಂಡು, ಒಂದೇ ಮಗ್ಗುಲಲ್ಲಿ ಮಲಗುವ ನಿಯಮವನ್ನು ಹಿಡಿದು, ಪಂಚಪದಗಳನ್ನು ಉಚ್ಚರಿಸುತ್ತ ಸಮಾಧಿಯನ್ನು ಪಡೆದಳು. ಜಗದೇಕವೀರರೆನಿಸಿದ ಶತ್ರುಗಳೆದುರು ತಲೆಬಾಗದ ಮಗನು ತಾಯಿಯ ನಿಸಿಧಿಯ ಮುಂದೆ ತಲೆಬಾಗಿ ಕಲ್ಲನ್ನು ನಿಲ್ಲಿಸಿದನು.

ಅದಕ್ಕೂ ಮೊದಲೇ, 1118ರ ಸುಮಾರಿಗೆ, ಅವನು ಚಿಕ್ಕಬೆಟ್ಟದ ಮೇಲೆ ತಾಯಿಗಾಗಿ ಒಂದು ಬಸದಿಯನ್ನು ಕಟ್ಟಿಸಿದ್ದನು. ಆದಿನಾಥಸ್ವಾಮಿಯ ಪೀಠದ ಮೇಲೆ ಪೋಚವ್ವೆಯ ಹೆಸರು ಇದೆ. ಒಳಗೆ ಬೆಳಕು ಸಾಲದ ಕಾರಣ ಜನರು ಅದನ್ನು ಕತ್ತಲೆ ಬಸದಿಯೆಂದು ಕರೆದರು. ತಾಯಿಯ ಹೆಸರು ಹಿಂದೆ ಸರಿದು ಕತ್ತಲೆಯ ಹೆಸರು ಉಳಿಯಿತು. ಕಾಲಾಂತರದಲ್ಲಿ ಈ ಬಸದಿಯ ಮುಖಮಂಟಪವನ್ನು ಜೀರ್ಣೋದ್ಧಾರ ಮಾಡಿಸಿದವರೂ ಮೈಸೂರು ಅರಸುಮನೆತನದ ಇಬ್ಬರು ಸ್ತ್ರೀಯರೇ: ದೇವೀರಮ್ಮಣ್ಣಿ ಮತ್ತು ಕೆಂಪಮ್ಮಣ್ಣಿ. ಒಬ್ಬ ತಾಯಿಗಾಗಿ ಎದ್ದ ಕಟ್ಟಡವನ್ನು ಏಳು ಶತಮಾನಗಳಿಗೂ ಹೆಚ್ಚು ಕಾಲದ ಮೇಲೆ ತಾಯಂದಿರೇ ಎತ್ತಿಹಿಡಿದರು.

ಎರಡನೆಯವಳು ಪತ್ನಿ ಲಕ್ಷ್ಮೀಮತಿ. ಲಕ್ಕಲೆಯೆಂಬುದು ಆಕೆಯ ಅಕ್ಕರೆಯ ಹೆಸರು. ಚಿಕ್ಕಬೆಟ್ಟದಲ್ಲಿಯ ಎರಡುಕಟ್ಟೆ ಬಸದಿಯು ಈಕೆಯು ಕಟ್ಟಿಸಿದ್ದು. ಎರಡು ಕಡೆಗಳಿಂದ ಏರುವ ಮೆಟ್ಟಿಲುಗಳಿಂದಾಗಿ ಆ ಬಸದಿಗೆ ಈ ಹೆಸರು ಬಂದಿತು. ಇಲ್ಲಿಯೂ ಕಟ್ಟಿಸಿದವಳ ಹೆಸರು ಮೆಟ್ಟಿಲುಗಳ ಹಿಂದೆ ಮರೆಯಾಯಿತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಈಕೆಯು ನಿರತಳಾಗಿದ್ದಳೆಂದು ಶಾಸನವು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಪತಿಯ ಪಾಲಿಗೆ ಕಾರ್ಯದಲ್ಲಿ ನೀತಿಯ ವಧುವೂ ರಣದಲ್ಲಿ ಜಯದ ವಧುವೂ ಆಗಿದ್ದಳೆಂಬ ಅರ್ಥದ ಮಾತುಗಳಿಂದ ಈಕೆಯನ್ನು ವರ್ಣಿಸುತ್ತದೆ. ಪ್ರಶಸ್ತಿಯ ಭಾಷೆಯಲ್ಲಿ ಅಲಂಕಾರವು ಇದ್ದೇ ಇರುತ್ತದೆ. ಅದನ್ನು ಅಕ್ಷರಶಃ ಹಿಡಿದು ಲಕ್ಷ್ಮೀಮತಿಯು ಖಡ್ಗವನ್ನು ಹಿಡಿದಳೆಂದು ಕಲ್ಪಿಸುವುದು ಸಲ್ಲದು. ಆದರೆ ದಂಡನಾಯಕನ ಪತ್ನಿಯನ್ನು ಹೊಗಳಲು ರೂಪಲಾವಣ್ಯಗಳ ಮಾತು ಸಾಲದೆ, ಕಾರ್ಯನೀತಿಯ ಮಾತು ಬೇಕೆಂದು ಶಾಸನಕವಿಗೆ ತೋರಿತು. ಆ ಮನೆಯಲ್ಲಿ ಆಕೆಯ ಆಲೋಚನೆಗೆ ಬೆಲೆಯಿತ್ತೆಂಬುದಕ್ಕೆ ಅದು ಸೂಚನೆ.

ಪೋಚಿಕಬ್ಬೆಯ ನಂತರ ವರ್ಷವೊಂದು ಕಳೆಯುವಷ್ಟರಲ್ಲಿ, 1121ರಲ್ಲಿ, ಲಕ್ಷ್ಮೀಮತಿಯೂ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದಳು. ಶುಭಚಂದ್ರ ಸಿದ್ಧಾಂತದೇವರು ಆ ಕುಟುಂಬದ ಗುರುಗಳು. ತಾಯಿಗೆ ಕಲ್ಲನ್ನು ನಿಲ್ಲಿಸಿದ ಕೈಗಳೇ ಪತ್ನಿಗೂ ಕಲ್ಲನ್ನು ನಿಲ್ಲಿಸಬೇಕಾಯಿತು. ಯುದ್ಧಭೂಮಿಯಲ್ಲಿ ಸಾವನ್ನು ದಿನವೂ ಕಂಡ ದಂಡನಾಯಕನಿಗೆ, ಅದನ್ನು ಶಾಂತಚಿತ್ತದಿಂದ ಎದುರುಗೊಳ್ಳುವ ಬಗೆಯನ್ನು ಮನೆಯ ಇಬ್ಬರು ಸ್ತ್ರೀಯರು ಒಬ್ಬರಾದ ಮೇಲೊಬ್ಬರು ತೋರಿಸಿಕೊಟ್ಟರು.

ಮೂರನೆಯವಳು ಗಂಗರಾಜನ ಅಣ್ಣನ ಪತ್ನಿ ಜಕ್ಕಿಮವ್ವೆ. ಬೆಳ್ಗೊಳದಲ್ಲಿ ಈಕೆಯು ಕೊಳವೊಂದನ್ನು ಕಟ್ಟಿಸಿ, ಅದರ ಬಳಿಯ ಬಂಡೆಯಲ್ಲಿ ಜಿನಬಿಂಬವನ್ನು ಕಡೆಯಿಸಿದಳು. ಜಕ್ಕಿಕಟ್ಟೆಯೆಂಬ ಹೆಸರಿನಲ್ಲಿ ಅದು ಉಳಿದುಕೊಂಡಿದೆ. ಅತ್ತೆಯ ಬಸದಿಯು ಕತ್ತಲೆಯ ಹೆಸರನ್ನೂ ಓರಗಿತ್ತಿಯ ಬಸದಿಯು ಮೆಟ್ಟಿಲ ಹೆಸರನ್ನೂ ತಾಳಿದರೂ, ನೀರನ್ನು ಕೊಟ್ಟವಳ ಹೆಸರನ್ನು ಮಾತ್ರ ಜನರ ನಾಲಿಗೆ ಬಿಡಲಿಲ್ಲ.

ಈ ಮನೆಯ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯು ದಾನಶಾಸನವೊಂದರಲ್ಲಿದೆ. ಕಣ್ಣೇಗಾಲದ ವಿಜಯದಿಂದ ಸಂತುಷ್ಟನಾದ ವಿಷ್ಣುವರ್ಧನನು ಬೇಕಾದುದನ್ನು ಕೇಳೆಂದಾಗ ಗಂಗರಾಜನು ರಾಜ್ಯವನ್ನಾಗಲಿ ಐಶ್ವರ್ಯವನ್ನಾಗಲಿ ಕೇಳಲಿಲ್ಲ. ಪರಮವೆಂಬ ಗ್ರಾಮವನ್ನು ಪಡೆದು, ತಾಯಿ ಪೋಚಲದೇವಿಯೂ ಪತ್ನಿ ಲಕ್ಷ್ಮೀದೇವಿಯೂ ಮಾಡಿಸಿದ ಜಿನಾಲಯಗಳ ಪೂಜೆಗಾಗಿ ಬಿಟ್ಟುಕೊಟ್ಟನು. ಇಲ್ಲಿ ಕ್ರಮವನ್ನು ಗಮನಿಸಬೇಕು. ಬಸದಿಗಳನ್ನು ಮೊದಲು ಕಟ್ಟಿಸಿದವರು ಸ್ತ್ರೀಯರು. ಅವು ನಡೆದುಕೊಂಡು ಹೋಗಲು ಗ್ರಾಮವನ್ನು ತಂದವನು ದಂಡನಾಯಕ. ಮಹಾಪುರುಷನ ಹಿಂದೆ ಒಬ್ಬ ಸ್ತ್ರೀಯಿರುತ್ತಾಳೆಂಬ ಮಾತು ಲೋಕರೂಢಿಯಲ್ಲಿದೆ. ಗಂಗರಾಜನ ಮನೆಯಲ್ಲಿ, ಧರ್ಮಕಾರ್ಯದ ಮಟ್ಟಿಗೆ, ಸ್ತ್ರೀಯರು ಮುಂದಿದ್ದರು; ಮಹಾಪುರುಷನು ಅವರ ಹಿಂದೆ ನಡೆದನು.

ಇನ್ನೂ ಕೆಲವರು

ಮೂರನೆಯವನಾದ ಹುಳ್ಳನ ಶಾಸನಗಳು ಅವನ ತಾಯಿ ಲೋಕಾಂಬಿಕೆಯನ್ನೂ ಪತ್ನಿ ಪದ್ಮಾವತಿಯನ್ನೂ ಹೆಸರಿಸುತ್ತವೆ. ಬೆಳ್ಗೊಳದ ಊರೊಳಗಿನ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದ ಆಚಿಯಕ್ಕನು ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಪತ್ನಿ. ಪತಿಯು ಶಿವಭಕ್ತನಾದ ಬ್ರಾಹ್ಮಣ, ಪತ್ನಿಯು ಜಿನಭಕ್ತೆ. ಆಕೆಯ ಪಾರ್ಶ್ವನಾಥ ಬಸದಿಗೆ ಬಮ್ಮೆಯನಹಳ್ಳಿಯನ್ನು ಬಿಡಬೇಕೆಂದು ದೊರೆಯನ್ನು ಬೇಡಿಕೊಂಡವನು ಆ ಶಿವಭಕ್ತ ಪತಿಯೇ. ದಾಂಪತ್ಯದಲ್ಲಿ ಮತಭೇದವಿದ್ದರೂ ಮನಭೇದವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಾಗಿಲ್ಲ.

ಹುಂಚದ ಸಾಂತರರ ಇತಿಹಾಸದಲ್ಲಿ ಚಟ್ಟಲದೇವಿಯ ಸ್ಥಾನವೂ ಇಂತಹುದೇ. ಪತಿವಿಯೋಗದ ದುಃಖವನ್ನು ನುಂಗಿಕೊಂಡು, ತಂಗಿಯ ಮಕ್ಕಳಾದ ತೈಲ, ಗೊಗ್ಗಿಗ, ಒಡ್ಡುಗ, ಬರ್ಮರೆಂಬ ನಾಲ್ವರು ಸಾಂತರ ಕುವರರನ್ನು ತನ್ನ ಮಕ್ಕಳಂತೆಯೇ ಸಾಕಿದಳು. ಅಗಲಿದ ಬಂಧುಗಳ ಪುಣ್ಯಾರ್ಥವಾಗಿ 1077ರಲ್ಲಿ ಪಂಚಕೂಟ ಬಸದಿಯನ್ನು ನಿರ್ಮಿಸಿದಳು. ಸಾಂತರರ ಸಿಂಹಾಸನದಲ್ಲಿ ಕುಳಿತವರ ಹೆಸರುಗಳನ್ನು ಇತಿಹಾಸವು ಪಟ್ಟಿಮಾಡುತ್ತದೆ; ಆ ಸಿಂಹಾಸನಕ್ಕೆ ಮಕ್ಕಳನ್ನು ಬೆಳೆಸಿಕೊಟ್ಟವಳು ಆ ಪಟ್ಟಿಯ ಹೊರಗೆ ಉಳಿಯುತ್ತಾಳೆ.

ರಾಣಿಯ ನೆರಳಿನಲ್ಲಿ ಮರೆಯಾದ ತಾಯಿ

ಮರೆಯಾಗುವುದು ಪುರುಷನ ಕೀರ್ತಿಯ ನೆರಳಿನಲ್ಲಿ ಮಾತ್ರವೆಂದಲ್ಲ. ಕೀರ್ತಿವಂತ ಮಗಳ ನೆರಳಿನಲ್ಲಿಯೂ ತಾಯಿಯು ಮರೆಯಾಗಬಹುದು. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿಯು ಇಂದು ಕನ್ನಡಿಗರಿಗೆಲ್ಲ ಪರಿಚಿತಳು. ಸಂಗೀತ ನೃತ್ಯಗಳಲ್ಲಿ ಪರಿಣತೆ, ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ, 1123ರಲ್ಲಿ ಬೆಳ್ಗೊಳದ ಚಿಕ್ಕಬೆಟ್ಟದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥಸ್ವಾಮಿಯನ್ನು ಪ್ರತಿಷ್ಠಾಪಿಸಿ ಮೊಟ್ಟೆನವಿಲೆ ಗ್ರಾಮವನ್ನು ಬಿಟ್ಟವಳು. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯೂ, ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಬೃಹತ್ ಕಾದಂಬರಿಯೂ ಆಕೆಯನ್ನು ಮನೆಮನೆಗೆ ತಂದವು. ಎರಡನೆಯ ಕೃತಿಗೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪುರಸ್ಕಾರವು 1983ರಲ್ಲಿ ದೊರೆತುದು ಕನ್ನಡಕ್ಕೂ ಜೈನ ಸಂಸ್ಕೃತಿಗೂ ಸಂದ ಗೌರವ. ಶಾಸನದ ಒಣಗಿದ ಸಾಲುಗಳಿಗೆ ಜೀವವನ್ನು ತುಂಬುವ ಶಕ್ತಿಯು ಕಾದಂಬರಿಗೆ ಇದೆಯೆಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು.

ಆದರೆ ಕಲ್ಪನೆಯು ಎಲ್ಲಿಯವರೆಗೆ, ಶಾಸನವು ಎಲ್ಲಿಂದ ಎಂಬ ವಿವೇಕವನ್ನು ಓದುಗರು ಇಟ್ಟುಕೊಂಡಿರಬೇಕು. ಶಿವಗಂಗೆಯ ಬೆಟ್ಟದ ಕಡಿದಾದ ಕೋಡೊಂದನ್ನು ತೋರಿಸಿ, ಸಂತಾನವಿಲ್ಲದ ದುಃಖದಿಂದ ರಾಣಿಯು ಅಲ್ಲಿಂದ ಬಿದ್ದು ಪ್ರಾಣಬಿಟ್ಟಳೆಂದು ಜನರು ಹೇಳುವುದುಂಟು. ಬೆಳ್ಗೊಳದ ಶಾಸನದಲ್ಲಿ ದುಃಖದ ಮಾತಿಲ್ಲ, ಬೀಳುವ ಮಾತಿಲ್ಲ. ಶಕವರ್ಷ 1053ರ, ಎಂದರೆ 1131ರ, ಚೈತ್ರ ಶುದ್ಧ ಪಂಚಮಿ ಸೋಮವಾರದಂದು ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗವನ್ನು ಸೇರಿದಳೆಂದಷ್ಟೇ ಅದು ಹೇಳುತ್ತದೆ. ಮುಡಿಪುವುದೆಂಬುದು ಬಾಳನ್ನು ಮುಗಿಸಿದ ವ್ರತನಿಷ್ಠರಿಗೆ ಶಾಸನಗಳು ಬಳಸುವ ಗಂಭೀರವಾದ ಮಾತು.

ಮಗಳ ಮರಣದ ಮುಂದಿನ ಸಾಲುಗಳಲ್ಲಿ ಆ ಶಾಸನವು ಯಾರ ಕಡೆಗೆ ತಿರುಗುತ್ತದೆಂಬುದು ಬಹಳ ಜನರಿಗೆ ತಿಳಿಯದು. ಅದು ತಿರುಗುವುದು ದೊರೆ ವಿಷ್ಣುವರ್ಧನನ ಕಡೆಗಲ್ಲ. ತಾಯಿ ಮಾಚಿಕಬ್ಬೆಯ ಕಡೆಗೆ. ಶಾಂತಲೆಯ ತಂದೆ ಮಾರಸಿಂಗಯ್ಯನು ಶಿವಭಕ್ತ, ಮಾಚಿಕಬ್ಬೆಯು ಜಿನಭಕ್ತೆ. ರಾಣಿಯಲ್ಲಿದ್ದ ಜಿನಧರ್ಮದ ನಿಷ್ಠೆಯು ತಾಯಿಯ ಮಡಿಲಿನಿಂದ ಬಂದುದೆಂದು ಊಹಿಸಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಡ. ರಾಣಿಯು ಸ್ವರ್ಗಸ್ಥಳಾದಳೆಂಬ ವಾರ್ತೆಯನ್ನು ಕೇಳಿದ ಆ ತಾಯಿಯು ತಾನಿನ್ನು ಹಿಂದೆ ಉಳಿಯಲಾರೆನೆಂದು ನುಡಿದು ಬೆಳ್ಗೊಳಕ್ಕೆ ಬಂದಳು, ಸಂನ್ಯಸನವನ್ನು ಕೈಗೊಂಡಳು, ಬಂಧುಗಳನ್ನು ಧೀರಳಾಗಿ ಬೀಳ್ಕೊಟ್ಟಳು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಜಪಿಸುತ್ತ, ಜಿನೇಂದ್ರನನ್ನು ಸ್ಮರಿಸುತ್ತ, ಒಂದು ತಿಂಗಳ ಕಾಲ ಅನಶನದಲ್ಲಿದ್ದು, ಭವ್ಯಜನರೆಲ್ಲರ ಸಮ್ಮುಖದಲ್ಲಿ ಸಮಾಧಿಯನ್ನು ಸಾಧಿಸಿದಳು.

ಆ ಒಂದು ತಿಂಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಗಳು ಕಟ್ಟಿಸಿದ ಬಸದಿಯು ಅದೇ ಬೆಟ್ಟದಲ್ಲಿ ಎಂಟು ವರ್ಷಗಳ ಹಿಂದೆ ಎದ್ದಿತ್ತು. ಬಸದಿಯು ಇತ್ತು, ಕಟ್ಟಿಸಿದವಳು ಇರಲಿಲ್ಲ. ಶೋಕದ ಆವೇಗದಲ್ಲಿ ಒಂದು ಕ್ಷಣದಲ್ಲಿ ಮಾಡುವ ಕಾರ್ಯವಲ್ಲ ಅದು. ಗುರುಗಳ ಸನ್ನಿಧಿಯಲ್ಲಿ, ಸಂಘದ ಕಣ್ಣೆದುರಿನಲ್ಲಿ, ದಿನದಿನವೂ ಮನಸ್ಸನ್ನು ಮೋಹದಿಂದ ಬಿಡಿಸಿಕೊಳ್ಳುವ ಕಾರ್ಯ. ಮಗಳ ಮೇಲಿನ ಮಮತೆಯಿಂದ ಬೆಳ್ಗೊಳಕ್ಕೆ ಬಂದವಳು ಆ ಮಮತೆಯನ್ನೂ ದಾಟಿ ಹೋದಳೆಂಬುದೇ ಶಾಸನದ ಆಶಯ. ಅದರ ಪಂಕ್ತಿಗಳಲ್ಲಿ ಇಂತಹ ತಾಯಿಯೊಬ್ಬಳು ಇರುವಾಗ, ಜನರ ನೆನಪಿನಲ್ಲಿ ಬಂಡೆಯ ಕೋಡು ಉಳಿದು ತಾಯಿಯು ಅಳಿದುಹೋದದ್ದು ವಿಷಾದದ ಸಂಗತಿ.

ಮಾಚಿಕಬ್ಬೆಯ ವಂಶವನ್ನು ಹೇಳುವಾಗ ಅದೇ ಶಾಸನವು ಇನ್ನೂ ಹಿಂದಕ್ಕೆ ಹೋಗುತ್ತದೆ. ದಂಡಾಧೀಶ ನಾಗವರ್ಮನ ಪತ್ನಿ ಚಂದಿಕಬ್ಬೆ. ಅವರ ಮಗ ಬಲದೇವನ ಪತ್ನಿ ಬಾಚಿಕಬ್ಬೆ. ಅವರ ಮಗಳು ಮಾಚಿಕಬ್ಬೆ. ಆಕೆಯ ಮಗಳು ಶಾಂತಲೆ. ನಾಲ್ಕು ತಲೆಮಾರುಗಳ ನಾಲ್ವರು ಸ್ತ್ರೀಯರ ಹೆಸರುಗಳು ಒಂದೇ ಕಲ್ಲಿನಲ್ಲಿ ಉಳಿದಿವೆ. ಪತಿಯ ಹೆಸರನ್ನು ಹೇಳಿದಲ್ಲಿ ಪತ್ನಿಯ ಹೆಸರನ್ನು ಬಿಡಲಿಲ್ಲ; ತಂದೆಯನ್ನು ಹೇಳಿದಲ್ಲಿ ತಾಯಿಯನ್ನು ಬಿಡಲಿಲ್ಲ. ಇಂದಿನ ಅನೇಕ ಮನೆಗಳಲ್ಲಿ ಅಜ್ಜನ ತಂದೆಯ ಹೆಸರು ತಿಳಿದವರಿಗೆ ಅಜ್ಜಿಯ ತಾಯಿಯ ಹೆಸರು ತಿಳಿಯದು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಲಿಪಿಕಾರನು ಈ ವಿಷಯದಲ್ಲಿ ಹೆಚ್ಚಿನ ನ್ಯಾಯವನ್ನು ತೋರಿದ್ದನೆಂದು ಒಪ್ಪಬೇಕಾಗುತ್ತದೆ.

ಉಪಸಂಹಾರ

ಬಸದಿಯೊಂದರ ಪ್ರತಿಷ್ಠಾ ಮಹೋತ್ಸವವು ನಡೆಯುವಾಗ ಕಣ್ಣಿಗೆ ಕಾಣುವ ಕಾರ್ಯಗಳು ಅನೇಕ: ಧ್ವಜಾರೋಹಣ, ಪಂಚಕಲ್ಯಾಣ, ಅಭಿಷೇಕ, ಸಭೆ. ಕಾಣದ ಕಾರ್ಯಗಳು ಅವುಗಳಿಗಿಂತ ಹೆಚ್ಚು. ಪೂಜಾದ್ರವ್ಯಗಳನ್ನು ಅಣಿಮಾಡುವವರು, ತ್ಯಾಗಿಗಳ ಆಹಾರಕ್ಕಾಗಿ ಶುದ್ಧಿಯಿಂದ ಅಡುಗೆ ಮಾಡಿ ಬಾಗಿಲಲ್ಲಿ ಕಾದು ನಿಲ್ಲುವವರು, ತೊಟ್ಟ ಬಳೆಯನ್ನು ಬಿಚ್ಚಿ ಬಸದಿಯ ಕಾರ್ಯಕ್ಕೆ ಕೊಡುವವರು, ಮಕ್ಕಳಿಗೆ ಣಮೋಕಾರ ಮಂತ್ರವನ್ನು ಮೊದಲು ಹೇಳಿಕೊಡುವವರು ಪ್ರಾಯಶಃ ಸ್ತ್ರೀಯರೇ. ಗುಳ್ಳಕಾಯಿಯ ಚಿಪ್ಪಿನಲ್ಲಿ ಹಾಲನ್ನು ತಂದವಳ ವಂಶವು ನಿಂತಿಲ್ಲ.

ಪೋಚಿಕಬ್ಬೆ, ಲಕ್ಷ್ಮೀಮತಿ, ಮಾಚಿಕಬ್ಬೆಯರು ಇಂದಿಗೂ ತಿಳಿಯುತ್ತಿರುವುದು ಅವರ ಕಾಲದವರು ಅವರ ಹೆಸರುಗಳನ್ನು ಕಲ್ಲಿಗೆ ಏರಿಸಿದ್ದರಿಂದ. ಏರಿಸಿದ ಹೆಸರುಗಳನ್ನು ಓದುವುದು ಮುಂದಿನವರ ಹೊಣೆ. ಇಂದಿನ ಹೆಸರುಗಳನ್ನು ಏರಿಸುವುದು ಇಂದಿನವರ ಹೊಣೆ. ಹೊಸ ಬಸದಿಯ ಗೋಡೆಯಲ್ಲಿ ದಾನಿಗಳ ಫಲಕವನ್ನು ಬರೆಯಿಸುವಾಗ ಇಂಥವರ ಧರ್ಮ ಪತ್ನಿ, ಇಂಥವರ ಮಾತೃಶ್ರೀ ಎಂದಷ್ಟೇ ಬರೆದು ಮುಗಿಸದೆ, ಆ ತಾಯಿಯ ಸ್ವಂತ ಹೆಸರನ್ನು ಒಂದು ಪಂಕ್ತಿಯಲ್ಲಿ ಸೇರಿಸಿದರೆ ಹೊಯ್ಸಳರ ಕಾಲದ ಪದ್ಧತಿಯನ್ನು ಮುಂದುವರಿಸಿದಂತಾಗುತ್ತದೆ. ಕತ್ತಲೆ ಬಸದಿಯ ಪೀಠದ ಮೇಲೆ ಪೋಚವ್ವೆಯ ಹೆಸರು ಕತ್ತಲೆಯಲ್ಲಿಯೇ ಒಂಬೈನೂರು ವರ್ಷಗಳ ಕಾಲ ಉಳಿದು ಬಂದಿದೆ. ಅದನ್ನು ಓದಲು ಬೇಕಾದುದು ಒಂದು ದೀಪ ಮಾತ್ರ.

ಭದ್ರಂ ಭೂಯಾತ್.